ಊರಿನ ಅಗ್ನಿಶಾಮಕ ಠಾಣೆ ಯಾರದು?

ಬಹುಮಹಡಿ ಕಟ್ಟಡಗಳ ಆಸ್ತಿ ತೆರಿಗೆಯ ಮೇಲೆ ಶೇ 1ರಷ್ಟು ಅಗ್ನಿ ಸೆಸ್ (ಉಪಕರ) ವಿಧಿಸುವ ಪ್ರಸ್ತಾಪ 2025ರಲ್ಲಿ ಕರ್ನಾಟಕದಲ್ಲಿ ಸುದ್ದಿಯಾದಾಗ, ‘ಇನ್ನೂ ಒಂದು ತೆರಿಗೆಯೇ?’ ಎಂಬ ಪ್ರಶ್ನೆಯ ಸುತ್ತಲೇ ಹೆಚ್ಚಿನ ಮಾತು ನಡೆಯಿತು. ಆದರೆ ಜನರನ್ನು ನಿಜವಾಗಿ ಗೊಂದಲಕ್ಕೆ ದೂಡಬೇಕಾದ ಸಂಗತಿ ಬೇರೆಯೇ ಇದೆ. ಆಸ್ತಿ ತೆರಿಗೆ ವಸೂಲು ಮಾಡುವುದು ಪುರಸಭೆ, ನಗರಸಭೆ ಅಥವಾ ಪಾಲಿಕೆ. ಅಗ್ನಿಶಾಮಕ ಠಾಣೆ ನಡೆಸುವುದು ರಾಜ್ಯ ಸರ್ಕಾರದ ಒಳಾಡಳಿತ ಇಲಾಖೆ. ಊರಿನವರು ಊರಿನ ಕಚೇರಿಯಲ್ಲಿ ಕಟ್ಟುವ ಹಣ ಊರಿನ ಆಡಳಿತದ ಅಧೀನದಲ್ಲೇ ಇಲ್ಲದ ಠಾಣೆಗೆ ಹೇಗೆ ಹೋಗುತ್ತದೆ, ಯಾಕೆ ಹೋಗಬೇಕು?

ಪ್ರತಿ ದೊಡ್ಡ ಅಗ್ನಿ ಅನಾಹುತದ ನಂತರವೂ ಇದೇ ಗೊಂದಲ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ‘ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇರಲಿಲ್ಲ’ ಎಂದು ಒಂದು ಸುದ್ದಿ ಬರುತ್ತದೆ. ಮರುದಿನ ‘ಆ ಕಟ್ಟಡ ನಮ್ಮ ವ್ಯಾಪ್ತಿಗೇ ಬರುವುದಿಲ್ಲ’ ಎಂದು ಇಲಾಖೆ ಹೇಳುತ್ತದೆ. ‘ನಾವು ಕೊಟ್ಟದ್ದು ಉದ್ದಿಮೆ ಪರವಾನಗಿ ಮಾತ್ರ’ ಎಂದು ಸ್ಥಳೀಯ ಸಂಸ್ಥೆ ಕೈತೊಳೆದುಕೊಳ್ಳುತ್ತದೆ. ಮೂರು ಮಾತುಗಳೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿದೆ. ಅದು ಹೇಗೆಂದು ತಿಳಿಯಲು ನಮ್ಮ ಸಣ್ಣ ನಗರಗಳ ಅಗ್ನಿಶಾಮಕ ವ್ಯವಸ್ಥೆ ಹುಟ್ಟಿ ಬೆಳೆದ ಬಗೆಯನ್ನು ನೋಡಬೇಕು.

ಎರಡು ದಾರಿಗಳು

ಭಾರತದಲ್ಲಿ ಬೆಂಕಿ ನಂದಿಸುವ ಸಂಘಟಿತ ವ್ಯವಸ್ಥೆ ಶುರುವಾದದ್ದು ಬಂದರು ನಗರಗಳಲ್ಲಿ. ಹತ್ತಿ, ಸೆಣಬು, ಎಣ್ಣೆ ತುಂಬಿದ ಗೋದಾಮುಗಳಿಗೆ ಬೆಂಕಿ ಬಿದ್ದರೆ ವ್ಯಾಪಾರವೇ ನಿಂತುಹೋಗುತ್ತಿತ್ತು. ಮೊದಮೊದಲು ಈ ಕೆಲಸ ಪೊಲೀಸರದ್ದಾಗಿತ್ತು. ಗಲಭೆಯಾದರೂ ಬೆಂಕಿಯಾದರೂ ಜನರನ್ನು ಚದುರಿಸಿ ಶಿಸ್ತು ತರುವವರು ಅವರೇ ಎಂಬುದು ಆಗಿನ ಆಡಳಿತದ ಲೆಕ್ಕ. ಮುಂಬೈಯಲ್ಲಿ ಪೊಲೀಸ್ ಕಮಿಷನರ್ ಕೈಕೆಳಗಿದ್ದ ದಳ 19ನೇ ಶತಮಾನದ ಕೊನೆಯ ಹೊತ್ತಿಗೆ ಪಾಲಿಕೆಯದಾಯಿತು. ನಗರದ ಪ್ರಾಣ, ಆಸ್ತಿಗಳನ್ನು ಬೆಂಕಿಯಿಂದ ಕಾಯುವುದು 1888ರ ಮುಂಬೈ ಪಾಲಿಕೆ ಕಾಯ್ದೆಯಡಿ ಪಾಲಿಕೆಯ ಹೊಣೆ. ಇಂದಿಗೂ ಅಲ್ಲಿ ಅದೇ ವ್ಯವಸ್ಥೆ. ಮಹಾರಾಷ್ಟ್ರ ಮತ್ತು ಗುಜರಾತಿನ ನಗರಗಳು ಬಹುಮಟ್ಟಿಗೆ ಈ ದಾರಿ ಹಿಡಿದವು.

ಕೋಲ್ಕತ್ತದ ದಾರಿ ಬೇರೆ. ಪಶ್ಚಿಮ ಬಂಗಾಳ 1950ರ ಕಾಯ್ದೆಯ ಮೂಲಕ ಅಗ್ನಿಶಾಮಕವನ್ನು ಇಡೀ ರಾಜ್ಯಕ್ಕೆ ಒಂದೇ ಸೇವೆಯನ್ನಾಗಿ ಮಾಡಿತು. ಇದಕ್ಕೆ ಎರಡನೇ ಮಹಾಯುದ್ಧದ ಹಿನ್ನೆಲೆಯಿದೆ. ವಾಯುದಾಳಿಯ ಭಯದಲ್ಲಿ ಹಲವು ಊರುಗಳಲ್ಲಿ ಪಂಪುಗಳು ಬಂದವು, ಆಳುಗಳು ತರಬೇತಾದರು. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ‘ಫೋರ್ಟ್ ಸ್ಟಿಕಿನ್’ ಹಡಗು ಸ್ಫೋಟಿಸಿ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ನಡೆಯುವ ಅಗ್ನಿಶಾಮಕ ಸಪ್ತಾಹ ಅವರ ನೆನಪಿನದು. ಯುದ್ಧ ಮುಗಿದ ಮೇಲೆ ಆ ಪಂಪುಗಳನ್ನೂ ಆಳುಗಳನ್ನೂ ಸಾಕುವ ಪ್ರಶ್ನೆ ಎದ್ದಿತು. ಬೀದಿದೀಪದ ಖರ್ಚಿಗೇ ತಿಣುಕುವ ಪುರಸಭೆ ದಿನದ 24 ಗಂಟೆಯೂ ಸಂಬಳ ಕೊಟ್ಟು ಆಳುಗಳನ್ನು ಕಾಯಿಸಿ ಕೂರಿಸುವುದು ಸಾಧ್ಯವಿರಲಿಲ್ಲ. ಹೀಗಾಗಿ ಹಲವು ರಾಜ್ಯಗಳು ಆ ಹೊರೆಯನ್ನು ತಾವೇ ಹೊತ್ತವು.

1964: ಒಂದೇ ವರ್ಷ, ಎರಡು ಕಾಯ್ದೆ

ಕರ್ನಾಟಕದ ಮಟ್ಟಿಗೆ 1964 ನಿರ್ಣಾಯಕ ವರ್ಷ. 1956ರ ಏಕೀಕರಣದಲ್ಲಿ ಹಳೆಯ ಮೈಸೂರು, ಮುಂಬೈ ಪ್ರಾಂತ್ಯ, ಹೈದರಾಬಾದ್, ಮದ್ರಾಸ್, ಕೊಡಗು ಹೀಗೆ ಐದು ಆಡಳಿತಗಳ ಪ್ರದೇಶಗಳು ಒಂದಾಗಿದ್ದವು. ಒಂದೊಂದು ಕಡೆ ಒಂದೊಂದು ಕಾನೂನು ಇತ್ತು. ಇವನ್ನೆಲ್ಲ ಒಂದೇ ಚೌಕಟ್ಟಿಗೆ ತರುವ ಕೆಲಸದ ಭಾಗವಾಗಿ ಅದೇ ವರ್ಷ ಅಗ್ನಿಶಾಮಕ ದಳದ ಕಾಯ್ದೆ ಬಂತು; ಪುರಸಭೆಗಳ ಕಾಯ್ದೆಯೂ ಬಂತು. ಮೊದಲನೆಯದು ಇಡೀ ರಾಜ್ಯಕ್ಕೆ ಒಂದೇ ದಳವನ್ನು ಕಟ್ಟಿ ಅದನ್ನು ಸರ್ಕಾರದ ಅಧೀನದಲ್ಲಿಟ್ಟಿತು. ಎರಡನೆಯದು ಕಟ್ಟಡ ಪರವಾನಗಿ, ಉದ್ದಿಮೆ ಪರವಾನಗಿ, ಬೀದಿಯ ಅಗಲ, ಮಾರುಕಟ್ಟೆ ಮತ್ತು ಅಪಾಯಕಾರಿ ವ್ಯಾಪಾರಗಳ ನಿಯಂತ್ರಣವನ್ನು ಪುರಸಭೆಗೆ ಕೊಟ್ಟಿತು.

ಇಂದಿನ ಗೊಂದಲದ ಬೇರು ಇಲ್ಲಿದೆ ಎಂದು ನನಗೆ ತೋರುತ್ತದೆ. ಬೆಂಕಿ ಬೀಳದಂತೆ ನೋಡಿಕೊಳ್ಳುವ ಅಧಿಕಾರವೆಲ್ಲ ಒಂದು ಕಚೇರಿಗೆ ಹೋಯಿತು, ಬಿದ್ದ ಬೆಂಕಿಯನ್ನು ನಂದಿಸುವ ಹೊಣೆ ಇನ್ನೊಂದಕ್ಕೆ. ಅರವತ್ತರ ದಶಕದಲ್ಲಿ ಇದರಿಂದ ದೊಡ್ಡ ತೊಂದರೆಯಾಗಿರಲಾರದು. ಸಣ್ಣ ಊರಿನಲ್ಲಿ ಆಗ ಉರಿಯುತ್ತಿದ್ದದ್ದು ಹುಲ್ಲಿನ ಬಣವೆ, ಗುಡಿಸಲು, ಹತ್ತಿ ಜಿನ್ನಿಂಗ್ ಕಾರ್ಖಾನೆ, ಸಾಮಿಲ್ಲು. ನಾಲ್ಕು ಮಹಡಿಯ ನರ್ಸಿಂಗ್ ಹೋಂ, ನೆಲಮಾಳಿಗೆಯಲ್ಲಿ ಬಟ್ಟೆ ಅಂಗಡಿ, ಅದರ ಮೇಲೆ ಕೋಚಿಂಗ್ ಕ್ಲಾಸ್, ಅದರ ಮೇಲೆ ಪಿ.ಜಿ. ಇರುವ ಕಟ್ಟಡಗಳನ್ನು ಆ ಕಾಯ್ದೆ ಬರೆದವರು ಕಂಡಿರಲಿಲ್ಲ.

ರಾಜ್ಯದ ದಾರಿಯಿಂದ ಲಾಭವೂ ಆಯಿತು, ಅದನ್ನು ಮರೆಯಬಾರದು. ಇಂದು ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಅಗ್ನಿಶಾಮಕ ಠಾಣೆಗಳಿವೆ. ಹೆಚ್ಚುಕಡಿಮೆ ತಾಲ್ಲೂಕಿಗೊಂದು ಎನ್ನಬಹುದು. ತರಬೇತಿಗೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಆರ್.ಎ. ಮುಂಡ್ಕೂರ್ ಅಕಾಡೆಮಿ ಇದೆ. ಎಲ್ಲೆಡೆ ಒಂದೇ ಬಗೆಯ ತರಬೇತಿ, ಒಂದೇ ಬಗೆಯ ಶ್ರೇಣಿ. ಒಂದು ತಾಲ್ಲೂಕಿನ ವಾಹನ ಸಾಲದಿದ್ದರೆ ಪಕ್ಕದ ತಾಲ್ಲೂಕಿನದ್ದು ಯಾರ ಅನುಮತಿಗೂ ಕಾಯದೆ ಹೊರಡುತ್ತದೆ. ನೆರೆ ಬಂದಾಗ ದೋಣಿಯೂ, ಬಾವಿಗೆ ದನ ಬಿದ್ದಾಗ ಹಗ್ಗವೂ ಇದೇ ಠಾಣೆಯಿಂದ ಹೋಗುತ್ತವೆ.

ಸಂವಿಧಾನ ಹೇಳಿದ್ದು, ಹೇಳದೆ ಬಿಟ್ಟದ್ದು

1992ರ 74ನೇ ತಿದ್ದುಪಡಿ ನಗರಾಡಳಿತಕ್ಕೆ ಸಂವಿಧಾನದಲ್ಲಿ ಜಾಗ ಕೊಟ್ಟಿತು. ಅದರೊಂದಿಗೆ ಬಂದ 12ನೇ ಅನುಸೂಚಿಯಲ್ಲಿ 18 ವಿಷಯಗಳಿವೆ. ಏಳನೆಯದು ಅಗ್ನಿಶಾಮಕ ಸೇವೆ. ‘ಹಾಗಾದರೆ ಇದು ಪುರಸಭೆಯದೇ ಅಲ್ಲವೇ?’ ಎಂದು ಕೇಳುವವರು ಬೆರಳಿಡುವುದು ಈ ಸಾಲಿನ ಮೇಲೆ. ಆದರೆ 243ಡಬ್ಲ್ಯು ವಿಧಿಯ ಪ್ರಕಾರ ಈ ವಿಷಯಗಳನ್ನು ಸ್ಥಳೀಯ ಸಂಸ್ಥೆಗಳಿಗೆ ರಾಜ್ಯ ಶಾಸನಸಭೆ ವಹಿಸಬಹುದು, ವಹಿಸಲೇಬೇಕೆಂಬ ಕಡ್ಡಾಯವಿಲ್ಲ. ಕರ್ನಾಟಕ ವಹಿಸಲಿಲ್ಲ. ತಮಿಳುನಾಡು, ಕೇರಳಗಳಲ್ಲೂ ಇದು ರಾಜ್ಯದ ಸೇವೆಯೇ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗ್ರಾಮ ಪಂಚಾಯಿತಿಗಳಿಗೆ ಸಂಬಂಧಿಸಿದ 11ನೇ ಅನುಸೂಚಿಯಲ್ಲಿ 29 ವಿಷಯಗಳಿದ್ದರೂ ಅಗ್ನಿಶಾಮಕ ಅವುಗಳಲ್ಲಿಲ್ಲ. ಪಟ್ಟಣದ ಬೆಂಕಿಗೆ ಸಂವಿಧಾನದ ಪಟ್ಟಿಯಲ್ಲಿ ಒಂದು ಸಾಲಿದೆ, ಹಳ್ಳಿಯ ಬೆಂಕಿಗೆ ಅದೂ ಇಲ್ಲ. ತಾಲ್ಲೂಕು ಕೇಂದ್ರದ ಠಾಣೆಗೆ ಬೇಸಿಗೆಯಲ್ಲಿ ಬರುವ ಕರೆಗಳಲ್ಲಿ ಬಣವೆ, ಕಬ್ಬಿನ ಗದ್ದೆ, ಗುಡ್ಡದ ಹುಲ್ಲಿನ ಬೆಂಕಿಯ ಪಾಲು ಸಣ್ಣದಲ್ಲ. ಠಾಣೆ ನಾಳೆ ಪುರಸಭೆಯದಾದರೆ ಮೂವತ್ತು ಕಿಲೋಮೀಟರ್ ಆಚೆಯ ಹಳ್ಳಿಗೆ ಅದು ಯಾವ ಹಕ್ಕಿನಿಂದ, ಯಾರ ಡೀಸೆಲ್ಲಿನಲ್ಲಿ ಹೋಗಬೇಕು? ವಿಕೇಂದ್ರೀಕರಣದ ಪರ ವಾದಿಸುವವರು ಇದಕ್ಕೆ ಒಪ್ಪುವಂಥ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ.

ಎತ್ತರದ ಗೆರೆ

ಈಗ ಎನ್‌ಒಸಿ ವಿಷಯಕ್ಕೆ ಬರೋಣ. ಸುದ್ದಿಗಳಲ್ಲಿ ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿಯೇ.

ಭಾರತೀಯ ಮಾನಕ ಬ್ಯೂರೊ ಪ್ರಕಟಿಸುವ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡವನ್ನು ಬಹುಮಹಡಿ ಎಂದು ಪರಿಗಣಿಸುತ್ತದೆ. ಈ ಸಂಹಿತೆ ಸ್ವತಃ ಕಾನೂನಲ್ಲ, ಮಾರ್ಗದರ್ಶಿ. ರಾಜ್ಯ ತನ್ನ ಕಾಯ್ದೆ ಅಥವಾ ಉಪವಿಧಿಯಲ್ಲಿ ಅಳವಡಿಸಿಕೊಂಡಷ್ಟಕ್ಕೆ ಮಾತ್ರ ಬಲ. ಆದ್ದರಿಂದ ರಾಜ್ಯಗಳು ಈ ಗೆರೆಯನ್ನು ಮೇಲಕ್ಕೆ ಸರಿಸಲೂಬಹುದು. ಗೆರೆಗಿಂತ ಮೇಲಿನ ಕಟ್ಟಡಕ್ಕೆ ನಕ್ಷೆಯ ಹಂತದಲ್ಲೂ ವಾಸಕ್ಕೆ ಬಿಡುವ ಹಂತದಲ್ಲೂ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕು. ಕೆಳಗಿನದಕ್ಕೆ ಸಾಮಾನ್ಯವಾಗಿ ಬೇಡ. ಚಿತ್ರಮಂದಿರ, ಪಟಾಕಿ ದಾಸ್ತಾನಿನಂಥ ಕೆಲವಕ್ಕೆ ಎತ್ತರ ಎಷ್ಟೇ ಇದ್ದರೂ ಇಲಾಖೆಯ ಅಭಿಪ್ರಾಯ ಕೇಳುತ್ತಾರಾದರೂ, ಪರವಾನಗಿ ಕೊಡುವ ಅಧಿಕಾರ ಸಾಮಾನ್ಯವಾಗಿ ಜಿಲ್ಲಾಡಳಿತದ್ದು.

ಎತ್ತರವನ್ನೇ ಅಳತೆಗೋಲು ಮಾಡಿಕೊಂಡದ್ದಕ್ಕೆ ತರ್ಕವಿದೆ. ಸಾಮಾನ್ಯ ಏಣಿ ಮುಟ್ಟದ ಎತ್ತರದಲ್ಲಿ ಸಿಕ್ಕಿಕೊಂಡವರನ್ನು ಹೊರಗಿನಿಂದ ಕಾಪಾಡುವುದು ಕಷ್ಟ. ಆದ್ದರಿಂದ ಕಟ್ಟಡವೇ ತನ್ನೊಳಗೆ ಎರಡನೇ ಮೆಟ್ಟಿಲು, ನೀರಿನ ತೊಟ್ಟಿ, ಪಂಪು ಇಟ್ಟುಕೊಳ್ಳಬೇಕು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತಾಗ ಇಡೀ ರಾಜ್ಯದ ಗಮನ ಎತ್ತರದ ಕಟ್ಟಡಗಳತ್ತ ತಿರುಗಿತು, ತಿರುಗಬೇಕಾದದ್ದೇ.

ಆದರೆ ಎತ್ತರ ಅಳೆಯುವುದು ರಕ್ಷಣೆಯ ಕಷ್ಟವನ್ನು ಮಾತ್ರ. ಬೆಂಕಿ ಹತ್ತುವ ಸಾಧ್ಯತೆಯನ್ನಾಗಲೀ ಹೊರಬರುವ ದಾರಿ ಮುಚ್ಚಿಹೋಗುವ ಸಾಧ್ಯತೆಯನ್ನಾಗಲೀ ಅದು ಹೇಳುವುದಿಲ್ಲ. ನಮ್ಮ ದೊಡ್ಡ ದುರಂತಗಳನ್ನೇ ನೋಡಿ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನಲ್ಲಿ 92 ಜನ ಸತ್ತರು, ಹೆಚ್ಚಿನವರು ಮಕ್ಕಳು, ಅದು ಡೇರೆ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್‌ವಾಲಿ ಎಂಬ ಸಣ್ಣ ಊರಿನಲ್ಲಿ ಶಾಲೆಯ ವಾರ್ಷಿಕೋತ್ಸವ ನಡೆಯುತ್ತಿದ್ದ ಮದುವೆ ಮಂಟಪದಲ್ಲಿ ನಾನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಹೊತ್ತಿಕೊಂಡದ್ದು ಸಿಂಥೆಟಿಕ್ ಶಾಮಿಯಾನ. 2004ರ ಜುಲೈ 16ರಂದು ಕುಂಭಕೋಣಂನಲ್ಲಿ 94 ಮಕ್ಕಳು ಸತ್ತ ಶಾಲೆಗೆ ಹುಲ್ಲಿನ ಚಾವಣಿ ಇತ್ತು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯಲ್ಲಿ ಹದಿನಾಲ್ಕಕ್ಕೂ ಹೆಚ್ಚು ಜನರ ಪ್ರಾಣ ತೆಗೆದದ್ದು ರಸ್ತೆ ಬದಿಯ ಪಟಾಕಿ ಮಳಿಗೆ. 2024ರ ಮೇ 25ರಂದು ರಾಜಕೋಟ್‌ನಲ್ಲಿ 27 ಜನ ಸುಟ್ಟುಹೋದ ಆಟದ ಕೇಂದ್ರ ತಗಡಿನ ಶೆಡ್ಡು. ಇವುಗಳಲ್ಲಿ ಯಾವುದನ್ನೂ ಬಹುಮಹಡಿ ಕಟ್ಟಡ ಎನ್ನಲಾಗದು.

ಮನೆಗಳ ಲೆಕ್ಕ ಸೇರಿಸಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಅಗ್ನಿ ಅವಘಡಗಳಿಗೆ 7,435 ಜನ ಬಲಿಯಾದರು. ಅರ್ಧಕ್ಕಿಂತ ಹೆಚ್ಚು ಸಾವು ವಾಸದ ಮನೆಗಳಲ್ಲೇ ಆದವು.

ಸಣ್ಣ ನಗರದಲ್ಲಿ ಗೆರೆ ದಾಟುವ ಕಟ್ಟಡಗಳನ್ನು ಬೆರಳಲ್ಲಿ ಎಣಿಸಬಹುದು. ಉಳಿದ ಅಂಗಡಿ, ಕಲ್ಯಾಣ ಮಂಟಪ, ಆಸ್ಪತ್ರೆ, ಟ್ಯೂಷನ್ ಕೊಠಡಿ, ಗೋದಾಮುಗಳೆಲ್ಲ ಬಹುತೇಕ ಪುರಸಭೆಯ ಉದ್ದಿಮೆ ಪರವಾನಗಿಯ ಮೇಲೆ ನಡೆಯುತ್ತವೆ. ಆ ಪರವಾನಗಿಗೆ ಸ್ಥಳ ನೋಡಲು ಹೋಗುವವರು ಸಾಮಾನ್ಯವಾಗಿ ಆರೋಗ್ಯ ನಿರೀಕ್ಷಕರು. ಚರಂಡಿ, ಕಸ, ಶುಚಿತ್ವ ನೋಡುವುದು ಅವರ ಕಸುಬು. ಹಿಂಬಾಗಿಲಿಗೆ ಬೀಗ ಹಾಕಿ ಮಾಲು ಪೇರಿಸಿದ್ದನ್ನು ಬೆಂಕಿಯ ದೃಷ್ಟಿಯಿಂದ ನೋಡಲು ಅವರಿಗೆ ಯಾರೂ ಕಲಿಸಿಲ್ಲ. ಕಲಿತವರು ಒಂದೆರಡು ಕಿಲೋಮೀಟರ್ ಆಚೆಯ ಠಾಣೆಯಲ್ಲಿದ್ದಾರೆ, ಅವರನ್ನು ಕರೆಯುವ ಕ್ರಮವಿಲ್ಲ. ಅತ್ತಿಬೆಲೆ ಪ್ರಕರಣದ ನಂತರ ಕಂದಾಯ, ಪೊಲೀಸ್, ಅಗ್ನಿಶಾಮಕ ಮೂರೂ ಇಲಾಖೆಗಳ ಅಧಿಕಾರಿಗಳು ಅಮಾನತಾದರು. ತಪ್ಪು ಯಾರದೆಂದು ಒಂದೇ ಮೇಜಿನ ಮೇಲೆ ತೋರಿಸಲಾಗದ ವ್ಯವಸ್ಥೆಯಲ್ಲಿ ಹೀಗೆ ಎಲ್ಲರನ್ನೂ ಒಟ್ಟಿಗೆ ಅಮಾನತು ಮಾಡುವುದೊಂದೇ ಸರ್ಕಾರಕ್ಕೆ ಉಳಿಯುವ ದಾರಿ.

ಅರ್ಧ ಕೆಲಸ ಪುರಸಭೆಯ ಕೈಯಲ್ಲಿ

ಬೆಂಕಿ ನಂದಿಸುವ ಕೆಲಸವೂ ಪೂರ್ತಿಯಾಗಿ ರಾಜ್ಯದ ಕೈಯಲ್ಲಿಲ್ಲ. ಸಾಮಾನ್ಯ ಅಗ್ನಿಶಾಮಕ ವಾಹನದಲ್ಲಿ ಸುಮಾರು 4,500 ಲೀಟರ್ ನೀರು ಇರುತ್ತದೆ. ಎರಡು ಪೈಪುಗಳಲ್ಲಿ ಬಿಟ್ಟರೆ ಐದು ನಿಮಿಷದ ಆಸುಪಾಸಿನಲ್ಲಿ ಅದು ಖಾಲಿ. ಮುಂದಿನ ನೀರು ಎಲ್ಲಿಂದ? ರಸ್ತೆ ಬದಿಯಲ್ಲಿ ಕೆಲಸ ಮಾಡುವ ಹೈಡ್ರಂಟ್ (ಅಗ್ನಿಶಾಮಕ ವಾಹನಕ್ಕೆ ನೀರು ತುಂಬಿಸುವ ದೊಡ್ಡ ನಲ್ಲಿ) ಇದ್ದರೆ ಅಲ್ಲೇ ತುಂಬಿಸಿಕೊಳ್ಳಬಹುದು. ಇಲ್ಲದಿದ್ದರೆ ಕೆರೆಗೋ ಕೊಳವೆಬಾವಿಗೋ ಓಡಬೇಕು. ಹೈಡ್ರಂಟ್ ಕೆಲಸ ಮಾಡಬೇಕಾದರೆ ಪೈಪಿನಲ್ಲಿ ಸದಾ ಒತ್ತಡದ ನೀರಿರಬೇಕು. ಎರಡು ಮೂರು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಹೈಡ್ರಂಟ್ ನೆಟ್ಟರೂ ಅದು ಬರೀ ಕಬ್ಬಿಣದ ಕಂಬ. ನೀರಿನ ಜಾಲ ಹಾಕುವುದು ರಾಜ್ಯದ ನಗರ ನೀರು ಸರಬರಾಜು ಮಂಡಳಿ, ಆಮೇಲೆ ಸಾಮಾನ್ಯವಾಗಿ ಅದನ್ನು ನಡೆಸುವುದು ಪುರಸಭೆ. ಠಾಣಾಧಿಕಾರಿಗೆ ಎರಡರ ಮೇಲೂ ಹಿಡಿತವಿಲ್ಲ.

ರಸ್ತೆಯ ಕಥೆಯೂ ಇದೇ. ಪೇಟೆ ಬೀದಿಗೆ ಅಂಗಡಿಯವರು ಚಾಚಿದ ತಗಡು, ಅಡ್ಡಾದಿಡ್ಡಿ ನಿಂತ ವಾಹನ ತೆರವು ಮಾಡಿಸುವುದು ಪುರಸಭೆ ಮತ್ತು ಪೊಲೀಸರ ಕೆಲಸ. ಕೇಂದ್ರದ ಸ್ಥಾಯಿ ಅಗ್ನಿಶಾಮಕ ಸಲಹಾ ಮಂಡಳಿಯ ಹಳೆಯ ಮಾನದಂಡದಂತೆ ಕರೆ ಬಂದ ಮೇಲೆ ನಗರದಲ್ಲಿ 5ರಿಂದ 7 ನಿಮಿಷ, ಗ್ರಾಮೀಣ ಪ್ರದೇಶದಲ್ಲಿ 20 ನಿಮಿಷದೊಳಗೆ ವಾಹನ ಮುಟ್ಟಬೇಕು. ಫೋಮ್ ಹಾಸಿಗೆ, ಪ್ಲಾಸ್ಟಿಕ್ ಸಾಮಾನು ತುಂಬಿದ ಇಂದಿನ ಕೋಣೆ ಐದೇ ನಿಮಿಷದಲ್ಲಿ ಪೂರ್ತಿ ಹೊತ್ತಿ ಉರಿಯಬಲ್ಲದು. ಅಂದರೆ ಠಾಣೆ ಎಷ್ಟೇ ಚುರುಕಾಗಿದ್ದರೂ ಮೊದಲ ಐದು ನಿಮಿಷ ಕಟ್ಟಡದ ಕೈಯಲ್ಲಿದೆ, ಕಟ್ಟಡ ಪುರಸಭೆಯ ಕೈಯಲ್ಲಿದೆ.

ಪುರಸಭೆಗೆ ಒಪ್ಪಿಸಿದರೆ?

ಹಾಗಾದರೆ ಠಾಣೆಯನ್ನೂ ಪುರಸಭೆಗೇ ಕೊಟ್ಟುಬಿಡಬಹುದಲ್ಲ ಎಂಬುದು ಒಂದು ವಾದ. ಪರವಾನಗಿ, ನೀರು, ರಸ್ತೆ, ಬೆಂಕಿ ಎಲ್ಲವೂ ಒಬ್ಬರ ಕೈಗೆ ಬರುತ್ತದೆ, ಚುನಾಯಿತ ಸದಸ್ಯರನ್ನು ಜನ ಪ್ರಶ್ನಿಸಬಹುದು. ಕಾಗದದ ಮೇಲೆ ಇದು ಚೊಕ್ಕವಾಗಿದೆ.

ರಾಜಕೋಟ್ ಈ ವಾದಕ್ಕೆ ಎದುರು ನಿಲ್ಲುತ್ತದೆ. ಅಲ್ಲಿ ಅಗ್ನಿಶಾಮಕ ದಳ ಪಾಲಿಕೆಯದೇ, ನಗರ ಯೋಜನೆ ವಿಭಾಗವೂ ಪಾಲಿಕೆಯದೇ. ಆದರೂ ಎನ್‌ಒಸಿ ಇಲ್ಲದ ಶೆಡ್ಡು ಜನರಿಂದ ತುಂಬಿ ನಡೆಯುತ್ತಿತ್ತು. ಕೊನೆಗೆ ಎರಡೂ ವಿಭಾಗಗಳ ಮುಖ್ಯಸ್ಥರು ಬಂಧಿತರಾದರು. ಒಂದೇ ಸೂರಿನಡಿ ಇದ್ದ ಮಾತ್ರಕ್ಕೆ ಒಂದು ಮೇಜಿನ ಕಡತ ಇನ್ನೊಂದು ಮೇಜಿಗೆ ತಾನಾಗಿ ಹೋಗುವುದಿಲ್ಲ. ಇಷ್ಟಾದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು: ಅಲ್ಲಿ ಹೊಣೆ ಯಾರದೆಂದು ಹುಡುಕಲು ಒಂದೇ ಕಚೇರಿಯ ಬಾಗಿಲು ತಟ್ಟಿದರೆ ಸಾಕಿತ್ತು.

ಹಣದ ಅಡ್ಡಿ ಇನ್ನೂ ದೊಡ್ಡದು. ಪಾಳಿಯ ಮೇಲೆ ಸಿಬ್ಬಂದಿ, ವಾಹನ, ತರಬೇತಿ, ಉಸಿರಾಟದ ಉಪಕರಣ ಇವುಗಳ ಖರ್ಚನ್ನು ಮುಂಬೈ ಪಾಲಿಕೆ ತಡೆದುಕೊಳ್ಳುತ್ತದೆ. ಪೌರಕಾರ್ಮಿಕರ ಸಂಬಳಕ್ಕೂ ರಾಜ್ಯದ ಅನುದಾನ ಕಾಯುವ ಪುರಸಭೆ ತಡೆದುಕೊಳ್ಳಲಾರದು. ಠಾಣೆ ಕೈಗೆ ಬಂದ ಮೇಲೆ ಖಾಲಿ ಹುದ್ದೆ ತುಂಬದೆ ಹಣ ಉಳಿಸುವ ಆಸೆ ಸಹಜವಾಗಿ ಹುಟ್ಟುತ್ತದೆ, ಯಾಕೆಂದರೆ ಬೆಂಕಿ ಬೀಳದ ವರ್ಷದಲ್ಲಿ ಆ ಖರ್ಚು ದಂಡವೆಂದೇ ಕಾಣುತ್ತದೆ. ಹಳ್ಳಿಗಳ ಪ್ರಶ್ನೆಯನ್ನು ಆಗಲೇ ಹೇಳಿದ್ದಾಯಿತು.

ನನ್ನ ಲೆಕ್ಕದಲ್ಲಿ ಠಾಣೆ ರಾಜ್ಯದಲ್ಲೇ ಇರುವುದು ಮೇಲು. ಬದಲಾಗಬೇಕಾದದ್ದು ತಪಾಸಣೆ. ಹೆಚ್ಚು ಜನ ಸೇರುವ, ಮಲಗುವ, ಚಿಕಿತ್ಸೆ ಪಡೆಯುವ ಜಾಗಗಳಿಗೆ ಎತ್ತರ ಎಷ್ಟೇ ಇರಲಿ, ಪುರಸಭೆ ಪರವಾನಗಿ ಕೊಡುವ ಮೊದಲು ತಾಲ್ಲೂಕಿನ ಠಾಣಾಧಿಕಾರಿಯ ವರದಿ ಕಡ್ಡಾಯವಾಗಬೇಕು. ಇದಕ್ಕೆ ಆಕ್ಷೇಪವೂ ಉಂಟು, ಹಗುರವಾದದ್ದೇನಲ್ಲ. ಸಿಬ್ಬಂದಿ ಕೊರತೆಯ ಠಾಣೆಗೆ ತಪಾಸಣೆಯ ಹೊರೆ ಹೇರಿದರೆ ಕರೆ ಬಂದಾಗ ಹೋಗುವವರಾರು? ಸಣ್ಣ ವ್ಯಾಪಾರಿಗೆ ಅಲೆಯಲು ಇನ್ನೊಂದು ಕಚೇರಿ, ಕೈಬಿಸಿ ಮಾಡಲು ಇನ್ನೊಂದು ಕೈ ಸಿಕ್ಕಂತಾಗುವುದಿಲ್ಲವೇ? ಮಹಾರಾಷ್ಟ್ರ 2006ರ ಕಾಯ್ದೆಯಲ್ಲಿ ಬೇರೆ ಉಪಾಯ ಹುಡುಕಿತು: ಪರವಾನಗಿ ಪಡೆದ ಖಾಸಗಿ ಸಂಸ್ಥೆಯಿಂದ ಕಟ್ಟಡದ ಮಾಲೀಕರೇ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ, ಪ್ರಮಾಣಪತ್ರ ಸಲ್ಲಿಸಬೇಕು. ಇಲಾಖೆಯ ಹೊರೆ ಇಳಿಯಿತು. ಆದರೆ ಮಾಲೀಕರಿಂದಲೇ ಹಣ ಪಡೆಯುವ ಸಂಸ್ಥೆ ಮಾಲೀಕರ ತಪ್ಪು ಬರೆಯುತ್ತದೆಯೇ ಎಂಬ ಅನುಮಾನ ಉಳಿದೇ ಇದೆ.

ಸೆಸ್ ಎಲ್ಲಿಗೆ ಸೇರುತ್ತದೆ?

ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ರಾಜ್ಯಗಳಿಗೆ ಮಾದರಿ ಅಗ್ನಿಶಾಮಕ ಮಸೂದೆಯೊಂದನ್ನು ಕಳಿಸಿತು. ಅಗ್ನಿ ತೆರಿಗೆ, ಶುಲ್ಕಗಳ ಪ್ರಸ್ತಾಪ ಅದರಲ್ಲೇ ಇದೆ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಅಗ್ನಿಶಾಮಕ ಸೇವೆಗಳ ವಿಸ್ತರಣೆಗೆ 5,000 ಕೋಟಿ ರೂಪಾಯಿಯ ಯೋಜನೆ 2023ರಲ್ಲಿ ಬಂತು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳನ್ನು ಬಿಟ್ಟು ಉಳಿದವು ಶೇ 25ರಷ್ಟು ತಮ್ಮ ಪಾಲು ಹಾಕಬೇಕು. ಕಾನೂನು ಸುಧಾರಣೆ ಮಾಡಿದವರಿಗೆಂದು 500 ಕೋಟಿ ರೂಪಾಯಿ ಪ್ರತ್ಯೇಕವಾಗಿ ಎತ್ತಿಡಲಾಯಿತು. ವಾಹನ, ಕಟ್ಟಡಗಳನ್ನು ಕೇಂದ್ರದ ಹಣದಲ್ಲಿ ತರಬಹುದು. ಅವನ್ನು ನಡೆಸುವ ಆಳಿನ ಸಂಬಳ ರಾಜ್ಯವೇ ವರ್ಷವರ್ಷವೂ ಹುಡುಕಬೇಕು. ಸೆಸ್ ವಿಚಾರ ಈ ಒತ್ತಡದ ನಡುವೆ ಬಂದದ್ದು.

ಆಸ್ತಿ ತೆರಿಗೆಯ ಮೇಲೆ ಬೇರೆ ಇಲಾಖೆಗಾಗಿ ಹಣ ಎತ್ತುವುದು ಕರ್ನಾಟಕಕ್ಕೆ ಹೊಸದಲ್ಲ. ರಸೀದಿ ತೆಗೆದು ನೋಡಿದರೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಎಂದು ಕಾಣುತ್ತದೆ. ಇವನ್ನು ವಸೂಲು ಮಾಡಿದ ಸ್ಥಳೀಯ ಸಂಸ್ಥೆಗಳು ಸಂಬಂಧಪಟ್ಟ ಇಲಾಖೆಗೆ ಪೂರ್ತಿ ಕಟ್ಟದೆ ಬಾಕಿ ಉಳಿಸಿಕೊಳ್ಳುತ್ತವೆ ಎಂಬ ದೂರು ಹಳೆಯದು. ಗ್ರಂಥಾಲಯ ಇಲಾಖೆ ವರ್ಷಗಟ್ಟಲೆ ತನ್ನ ಪಾಲಿಗಾಗಿ ಪಾಲಿಕೆಗಳಿಗೆ ಪತ್ರ ಬರೆಯುತ್ತಾ ಬಂದಿದೆ. ತನ್ನದಲ್ಲದ ಹಣವನ್ನು ವಸೂಲು ಮಾಡಿ ತಕ್ಷಣ ದಾಟಿಸಲು ಕೊರತೆಯಲ್ಲಿರುವ ಪುರಸಭೆಗೆ ಯಾವ ಅವಸರವೂ ಇರುವುದಿಲ್ಲ. ಅಗ್ನಿ ಸೆಸ್ಸಿಗೂ ಇದೇ ಗತಿಯಾಗುವುದನ್ನು ತಡೆಯಬೇಕಾದರೆ ನಿಯಮದಲ್ಲಿ ಪ್ರತ್ಯೇಕ ಖಾತೆ, ಜಮೆಯ ಗಡುವು ಎರಡೂ ಇರಬೇಕು.

ಹಂಚಿಕೆಯದು ಇನ್ನೊಂದು ಪ್ರಶ್ನೆ. ಬಹುಮಹಡಿ ಕಟ್ಟಡಗಳಿಂದಲೇ ಸೆಸ್ ಎತ್ತಿದರೆ ಅದರ ಬಹುಪಾಲು ಬೆಂಗಳೂರು, ಮಂಗಳೂರಿನಂಥ ಕಡೆಯಿಂದ ಬರುತ್ತದೆ. ಎಲ್ಲಿ ಸಂಗ್ರಹವೋ ಅಲ್ಲಿಯೇ ಖರ್ಚು ಎಂಬ ನಿಯಮ ಮಾಡಿದರೆ ಅಲ್ಲಿಗೆ ಎತ್ತರದ ಏಣಿ ವಾಹನಗಳು ಬರುತ್ತವೆ, ಒಂದೇ ವಾಹನದಲ್ಲಿ ದಿನ ದೂಡುವ ತಾಲ್ಲೂಕು ಠಾಣೆ ಇದ್ದಲ್ಲೇ ಇರುತ್ತದೆ. ರಾಜ್ಯದ ಒಂದೇ ನಿಧಿಗೆ ಹಾಕಿ ಕೊರತೆ ನೋಡಿ ಹಂಚಿದರೆ ನಗರದ ಅಪಾರ್ಟ್‌ಮೆಂಟಿನವರು ನಮ್ಮ ಹಣ ನಮಗೇ ಬೇಕೆನ್ನುತ್ತಾರೆ. 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ದಳ ಎಂದು ತೀರ್ಮಾನಿಸಿದಾಗಲೇ ಎರಡನೆಯ ಬಗೆಯ ಹಂಚಿಕೆಯನ್ನು ರಾಜ್ಯ ಒಪ್ಪಿಕೊಂಡಿತ್ತು ಎಂಬುದು ಅವರಿಗೆ ಕೊಡಬಹುದಾದ ಉತ್ತರ. ಆದರೆ ಆಗ ಹಣ ರಾಜ್ಯದ ಸಾಮಾನ್ಯ ಬೊಕ್ಕಸದಿಂದ ಹೋಗುತ್ತಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಈಗ ರಸೀದಿಯಲ್ಲಿ ಸೆಸ್ ಎಂದು ಬೇರೆ ಸಾಲು ಬರುತ್ತದೆ. ಕಟ್ಟಿದವರು ತಮ್ಮ ಊರಿನ ಠಾಣೆಯ ಲೆಕ್ಕ ಕೇಳತೊಡಗುತ್ತಾರೆ. ಆ ಪ್ರಶ್ನೆ ಮೊದಲು ಬರುವುದು ತೆರಿಗೆ ಕಟ್ಟಿಸಿಕೊಂಡ ಪುರಸಭೆಯ ಕಿಟಕಿಗೆ, ಉತ್ತರ ಇರುವುದು ಬೆಂಗಳೂರಿನ ಅಗ್ನಿಶಾಮಕ ಪ್ರಧಾನ ಕಚೇರಿಯಲ್ಲಿ.